ಯುದ್ಧನೌಕೆ ಕಟ್ಟುವಲ್ಲಿ ಮೊದಲು ಯಾವುದು, ಅನಂತರ ಯಾವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಾಡಿ ಘಾಟಿ ಇಳಿದ ಮೇಲಷ್ಟೇ ಸಮುದ್ರದ ಮಾತು ಎಂದು ಹಾಸನದವರಾದ ನಮಗೆ ಅನ್ನಿಸುವುದು ಸಹಜ. ಆದರೆ 2013ರ ಆಗಸ್ಟ್ 30ರಂದು ದಕ್ಷಿಣ ಅಮೆರಿಕದ ಕೂರೂ ನೆಲೆಯಿಂದ ಏರಿಯನ್-5 ರಾಕೆಟ್ ಹೊತ್ತೊಯ್ದ ಜಿಸ್ಯಾಟ್-7 ಉಪಗ್ರಹವನ್ನು ಕಕ್ಷೆಯಿಂದ ಕಕ್ಷೆಗೆ ಏರಿಸಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿದ್ದು ನಮ್ಮ ಸಾಲಗಾಮೆ ರಸ್ತೆಯ ಎಂ.ಸಿ.ಎಫ್., ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ರುಕ್ಮಿಣಿ ಎಂದು ಕರೆಸಿಕೊಂಡ ಆ ಉಪಗ್ರಹ ನೌಕಾಪಡೆಯ ಸಂಪರ್ಕಕ್ಕೆಂದೇ ಹೋದದ್ದು. ಮೇಲೇರಿದ ದಿನದಿಂದಲೇ ಉಪಗ್ರಹದ ಇಂಧನ ಕರಗತೊಡಗುತ್ತದೆ. ಅದರೊಡನೆ ಮಾತನಾಡಬೇಕಾದ ಆಂಟೆನಾ ಹಡಗಿನ ಮೇಲೆ ಆ ಹೊತ್ತಿಗೆ ಕೂತಿರದಿದ್ದರೆ ಕರಗಿದ ಆಯುಸ್ಸು ಮರಳಿ ಬರುವುದಿಲ್ಲ. ನೌಕಾ ರಕ್ಷಣೆಯ ದೊಡ್ಡ ಯೋಜನೆಗಳನ್ನು ನಡೆಸುವವರ ಕಷ್ಟವೆಲ್ಲ ಬಹುಮಟ್ಟಿಗೆ ಇಂಥದ್ದೇ. ಒಂದೊಂದು ವಸ್ತುವನ್ನು ಮಾಡುವುದು ಕಷ್ಟವೇ ಸರಿ, ಆದರೆ ಯಾವುದರ ಹಿಂದೆ ಯಾವುದು ಬರಬೇಕೆಂಬ ಸರದಿಯನ್ನು ಕಾಯುವುದು ಅದಕ್ಕಿಂತ ಕಷ್ಟ. ಅನೇಕ ವರ್ಷ ಶಿಪ್‌ಯಾರ್ಡಿನಲ್ಲಿ ದುಡಿದು ಊರಿಗೆ ಮರಳಿದವನಾಗಿ ಇಂದು ಆ ಸರದಿಯ ಬಗ್ಗೆಯೇ ಹೇಳುತ್ತೇನೆ.

ಸಕಲೇಶಪುರದ ಕಡೆಯ ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ. ಕೊಯ್ಲಿನ ನಡುವೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಕೆಟ್ಟು ನಿಂತರೆ ಕೊಯ್ದ ಹಣ್ಣು ಕಾಯುವುದಿಲ್ಲ, ಕಣ ಖಾಲಿ ಬಿದ್ದಿರುತ್ತದೆ, ಆಳುಗಳಿಗೆ ಕೂಲಿ ಮಾತ್ರ ಕೊಡಲೇಬೇಕು. ಹಡಗಿನಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ದೊಡ್ಡ ಯಂತ್ರಗಳು ಒಳಗೆ ಇಳಿಯುವ ತನಕ ಅವುಗಳ ಮೇಲಿನ ಡೆಕ್ಕನ್ನು, ಅಂದರೆ ಉಕ್ಕಿನ ಅಂತಸ್ತನ್ನು, ಮುಚ್ಚುವಂತಿಲ್ಲ. ಮುಚ್ಚಿದರೆ ಬೆಸೆದ ಉಕ್ಕನ್ನೇ ಕತ್ತರಿಸಿ ತೆರೆಯಬೇಕು.

ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ನೌಕೆ ವಿಕ್ರಾಂತ್‌ನ ಕಥೆಯನ್ನು ಈ ಕಣ್ಣಿನಿಂದ ನೋಡಬೇಕು. 262 ಮೀಟರ್ ಉದ್ದದ, ಸುಮಾರು 2,300 ಕೋಣೆಗಳ ಆ ನೌಕೆಗೆ ಮೊದಲ ಉಕ್ಕಿನ ಹಲಗೆ ಕತ್ತರಿಸಿದ್ದು 2005ರ ಏಪ್ರಿಲ್‌ನಲ್ಲಿ; ತಳಗಟ್ಟು, ಅಂದರೆ ಕೀಲ್, ಇಟ್ಟದ್ದು 2009ರ ಫೆಬ್ರವರಿ 28ರಂದು. ನಡುವಿನ ಸುಮಾರು ನಾಲ್ಕು ವರ್ಷಗಳಲ್ಲಿ ಬಹುಪಾಲನ್ನು ತಿಂದದ್ದು ಉಕ್ಕು. ರಷ್ಯಾದಿಂದ ಬರಬೇಕಿದ್ದ ಉಕ್ಕು ಬಾರದೆ ಹೋದಾಗ, ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯವೂ ಭಾರತೀಯ ಉಕ್ಕು ಪ್ರಾಧಿಕಾರವೂ (ಸೇಲ್) ಸೇರಿ ಡಿ.ಎಂ.ಆರ್.-249 ಎಂಬ ಉಕ್ಕನ್ನು ಇಲ್ಲಿಯೇ ಸಿದ್ಧಪಡಿಸಿದವು. ಅದನ್ನು ತಡವೆಂದು ಬರೆದರೂ ತಪ್ಪಿಲ್ಲ, ಗಳಿಕೆಯೆಂದು ಬರೆದರೂ ತಪ್ಪಿಲ್ಲ. ನಾನಂತೂ ಗಳಿಕೆಯ ಕಡೆಗೆ ಬರೆಯುತ್ತೇನೆ, ಏಕೆಂದರೆ ಆ ಉಕ್ಕು ಆಮೇಲಿನ ಹಡಗುಗಳಿಗೂ ಒದಗಿತು. ಗೇರ್‌ಬಾಕ್ಸಿನ ವಿಷಯ ಹಾಗಲ್ಲ. ಟರ್ಬೈನಿನ ವೇಗವನ್ನು ಇಳಿಸಿ ಪ್ರೊಪೆಲ್ಲರಿಗೆ ಒಪ್ಪಿಸುವ ಆ ಯಂತ್ರಗಳು ಹೊತ್ತಿಗೆ ಬಾರದ ಕಾರಣ, 2011ರ ಡಿಸೆಂಬರ್ ಕೊನೆಯಲ್ಲಿ ಅರೆಬರೆ ನೌಕೆಯನ್ನು ತೇಲಿಸಿ ಡಾಕಿನಿಂದ, ಅಂದರೆ ಹಡಗು ಕಟ್ಟುವ ಕಟ್ಟೆಯಿಂದ, ಹೊರಗೆ ತರಲಾಯಿತು. ವಿಧ್ಯುಕ್ತವಾಗಿ ನೀರಿಗಿಳಿಸಿದ್ದು 2013ರ ಆಗಸ್ಟ್ 12ರಂದು.

ಇಂಥ ದೊಡ್ಡ ತಡಗಳು ಪತ್ರಿಕೆಗೆ ಬರುತ್ತವೆ, ಸಣ್ಣವು ಬರುವುದಿಲ್ಲ. ನಾನು ಕೆಲಸಕ್ಕಿದ್ದ ಒಂದು ಯಾರ್ಡಿನಲ್ಲಿ, ಸಿಹಿನೀರಿನ ಪಂಪ್ ಇರುವ ಕೋಣೆಯೊಂದರ ವಾಲ್ವನ್ನು ತಿರುಗಿಸಲು ಹೋದ ಫಿಟ್ಟರ್, ಚಕ್ರ ಕಾಲು ಸುತ್ತಿಗಿಂತ ಹೆಚ್ಚು ತಿರುಗುವುದಿಲ್ಲವೆಂದು ಬಂದು ಹೇಳಿದ. ಹೋಗಿ ನೋಡಿದರೆ ಚಕ್ರದ ಹಿಡಿ ಮೇಲಿನ ಕೇಬಲ್ ಟ್ರೇಗೆ, ಅಂದರೆ ವಿದ್ಯುತ್ ಕೇಬಲ್‌ಗಳನ್ನು ಹೊತ್ತ ತಟ್ಟೆಗೆ, ತಾಗುತ್ತಿತ್ತು. ಪೈಪಿನವರ ನಕ್ಷೆಯೂ ಸರಿ, ವಿದ್ಯುತ್ತಿನವರ ನಕ್ಷೆಯೂ ಸರಿ. ಆದರೆ ಒಬ್ಬರ ಕೈಯಲ್ಲಿದ್ದದ್ದು ಮೂರನೆಯ ತಿದ್ದುಪಡಿ, ಇನ್ನೊಬ್ಬರದು ನಾಲ್ಕನೆಯದು. ಟ್ರೇಯನ್ನು ನಾಲ್ಕು ಬೆರಳು ಮೇಲೆತ್ತಿದರೆ ಸಾಕಿತ್ತು. ಆದರೆ ಅದರ ಮೇಲಿನ ಕೇಬಲ್‌ಗಳು ಆಗಲೇ ಮೂರು ಗೋಡೆಗಳನ್ನು ದಾಟಿ ಬಿಗಿಯಾಗಿದ್ದವು, ನಡುವೆ ಕತ್ತರಿಸಿ ಗಂಟು ಹಾಕಲು ಒಪ್ಪಿಗೆಯಿರಲಿಲ್ಲ, ಎಲ್ಲವನ್ನೂ ಹಿಂದಕ್ಕೆಳೆದು ಮತ್ತೆ ಹಾಕಬೇಕಾಯಿತು. ಆ ವಾರದ ಪರಿಶೀಲನಾ ಸಭೆಯಲ್ಲಿ ಎರಡು ವಿಭಾಗದವರೂ ಆ ಕೋಣೆಯ ಕೆಲಸ ನೂರಕ್ಕೆ ತೊಂಬತ್ತು ಭಾಗ ಮುಗಿದಿದೆ ಎಂದೇ ಹೇಳಿದರು. ಯಾರೂ ಸುಳ್ಳು ಹೇಳಿರಲಿಲ್ಲ! ಅಂದಿನಿಂದ ನಾನು ಸಭೆಯಲ್ಲಿ ಶೇಕಡಾ ಲೆಕ್ಕ ಕೇಳುವುದನ್ನು ಬಿಟ್ಟು, ಈ ಕೋಣೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನೌಕಾಪಡೆಯವರ ಕೈಗೆ ಕೊಡಬಹುದೇ ಎಂದಷ್ಟೇ ಕೇಳತೊಡಗಿದೆ. ಮೊದಲ ಕೆಲವು ತಿಂಗಳು ಇಲ್ಲ ಎಂಬ ಉತ್ತರಗಳೇ ಬಂದವು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ.

ಹಳೆಯ ಹಡಗನ್ನು ಹೊಸದು ಮಾಡುವುದಾದರೆ ಸರದಿ ಇನ್ನೂ ಕೆಡುತ್ತದೆ, ಏಕೆಂದರೆ ಬಿಚ್ಚುವ ತನಕ ಒಳಗೇನಿದೆಯೆಂದು ಗೊತ್ತಾಗುವುದಿಲ್ಲ. ರಷ್ಯಾದ ಗೋರ್ಷ್ಕೋವ್ ವಿಮಾನವಾಹಕ ನೌಕೆಯನ್ನು ನಮ್ಮ ನೌಕಾಪಡೆಯ ವಿಕ್ರಮಾದಿತ್ಯವಾಗಿ ಮಾರ್ಪಡಿಸಲು 2004ರಲ್ಲಿ ಒಪ್ಪಿದ ವೆಚ್ಚ 97.4 ಕೋಟಿ ಡಾಲರ್, ಕೊಡಬೇಕಿದ್ದ ವರ್ಷ 2008. ಬಿಚ್ಚಿದಂತೆಲ್ಲ ಬದಲಿಸಬೇಕಾದ ಕೇಬಲ್, ಪೈಪುಗಳ ಪಟ್ಟಿ ಬೆಳೆಯಿತು. ಬೆಲೆ 235 ಕೋಟಿ ಡಾಲರಿಗೆ ಏರಿತು. 2012ರ ಸಮುದ್ರ ಪರೀಕ್ಷೆಯಲ್ಲಿ ಪೂರ್ಣ ವೇಗಕ್ಕೆ ಹೋದಾಗ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು. ಅವುಗಳ ಶಾಖನಿರೋಧಕ ಇಟ್ಟಿಗೆಗಳು ತಾಳಲಿಲ್ಲ. ನೌಕೆ ಸೇವೆಗೆ ಸೇರಿದ್ದು 2013ರ ನವೆಂಬರ್ 16ರಂದು. ಅಷ್ಟು ದೊಡ್ಡ ನೌಕೆಯನ್ನು ಇಟ್ಟಿಗೆಗಳು ಒಂದು ವರ್ಷ ಹಿಡಿದಿಟ್ಟವು ಎಂಬುದನ್ನು ಮನೆ ಕಟ್ಟಿಸಿದ ಯಾರಾದರೂ ನಂಬುತ್ತಾರೆ.

ದೋಷ ಕಂಡಾಗ ಅದು ಎಲ್ಲಿ ಹುಟ್ಟಿತೆಂದು ಹಿಂದಕ್ಕೆ ಹೋಗಿ ಹುಡುಕಲು ದಾರಿಯಿರಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕೆತ್ತಿದ ಶಿಲ್ಪಗಳಲ್ಲಿ ಹೆಸರು ಬಿಟ್ಟುಹೋಗಿದ್ದಾರೆ. ಯುದ್ಧನೌಕೆಯ ಮುಖ್ಯ ಬೆಸುಗೆಗಳಿಗೂ ಬೆಸೆದವನ ಗುರುತು, ಬಳಸಿದ ಎಲೆಕ್ಟ್ರೋಡ್, ಅಂದರೆ ಬೆಸುಗೆ ಕಡ್ಡಿ, ಯಾವ ಕಂತಿನಲ್ಲಿ ತಯಾರಾದದ್ದು, ಎಕ್ಸ್-ರೇ ಚಿತ್ರ ಯಾವುದು ಎಂಬ ದಾಖಲೆ ಇರುತ್ತದೆ. ದಾಸೋಜನದು ಅಭಿಮಾನದ ಗುರುತು, ಇದು ಹೊಣೆಯ ಗುರುತು.

ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಟಿ.ವಿ.ಯಲ್ಲಿ ಕಂಡ ಆ ಸಮಾರಂಭವನ್ನೇ ಅನೇಕರು ಯೋಜನೆಯ ಮುಕ್ತಾಯವೆಂದು ತಿಳಿದರು. ಆ ವಿಮಾನವಾಹಕದ ಮೇಲೆ ಯುದ್ಧವಿಮಾನ ಮೊದಲ ಬಾರಿಗೆ ಇಳಿದದ್ದು ಮಾತ್ರ 2023ರ ಫೆಬ್ರವರಿ 6ರಂದು. ಅಂದು ಇಳಿದವುಗಳಲ್ಲಿ ಒಂದು ಮಿಗ್-29ಕೆ, ಇನ್ನೊಂದು ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ಸಿನ ನೌಕಾ ಮಾದರಿ.

ನಮಸ್ಕಾರ.