ಅಜ್ಜನ ಕಾಟಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ಯಾರು?

ಹಾಂ, ಕಾಣಿಸ್ತಿದೆ ಅನ್ಕೋತೀನಿ. ಫೋನ್‌ನ ಉಪ್ಪಿನಕಾಯಿ ಭರಣಿಗೆ ಒರಗಿಸಿ ಇಟ್ಟಿದೀನಿ, ಟ್ರೈಪಾಡ್ ಬೆಂಗಳೂರಲ್ಲೇ ಮರೆತು ಬಂದೆ. ಇದು ಮೂಡಿಗೆರೆ ಹತ್ರ ನಮ್ಮ ದೊಡ್ಡಪ್ಪನ ಮನೆ. ಗೋಡೆ ಮೇಲಿರೋದು ಅಜ್ಜನ ಕಾಲದ ಕಾಟಿ ತಲೆ, ಕಾಟಿ ಅಂದ್ರೆ ಕಾಡುಕೋಣ, ಪಕ್ಕದಲ್ಲಿ ಚಿಕ್ಕದೊಂದು ಕಾಡುಕುರಿ ತಲೆ, ಅಂದ್ರೆ ಬೊಗಳೋ ಜಿಂಕೆದು. ಮಳೆಗಾಲ ಮುಗೀತಲ್ಲ, ಇವತ್ತು ಇವಕ್ಕೆ ಸರ್ವಿಸ್.

ಮೊದಲೇ ಹೇಳ್ಬಿಡ್ತೀನಿ. ಹೋದ ವಿಡಿಯೋ ನೋಡಿ ಮೂರು ಜನ ಮೆಸೇಜ್ ಹಾಕಿದ್ರು, ಬ್ರೋ ಎಷ್ಟಕ್ಕೆ ಕೊಡ್ತೀರಾ ಅಂತ. ಮಾರಂಗಿಲ್ಲ ಕಣ್ರೋ, ಮಾರಿದ್ರೆ ಜೈಲು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇವಕ್ಕೆ ಓನರ್‌ಶಿಪ್ ಸರ್ಟಿಫಿಕೇಟ್ ಬೇಕು, 2003ರಲ್ಲಿ ಇನ್ನೊಂದ್ಸಲ 180 ದಿನ ಟೈಮ್ ಕೊಟ್ಟಿದ್ರು ಡಿಕ್ಲೇರ್ ಮಾಡ್ಕೊಳ್ಳಿ ಅಂತ. ನಮ್ಮದಿದೆ, ದೊಡ್ಡಪ್ಪ ಅದನ್ನ ತೋಟದ ಪತ್ರಗಳ ಜೊತೆ ಟ್ರಂಕಲ್ಲಿ ಇಟ್ಟಿದಾರೆ. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದಾಗಂತೂ ದಿನಕ್ಕೊಂದ್ಸಲ ಟ್ರಂಕ್ ತೆಗೆದು ನೋಡ್ತಿದ್ರು.

ಕೈಗೆ ಗ್ಲೌಸ್, ಮುಖಕ್ಕೆ ಎನ್95. ಶೋಕಿಗಲ್ಲ. ಹಳೇ ಕಾಲದಲ್ಲಿ ಚರ್ಮಕ್ಕೆ ಹುಳ ಬೀಳಬಾರ್ದು ಅಂತ ಆರ್ಸೆನಿಕ್ ಬಳೀತಿದ್ರು, ಪಕ್ಕಾ ವಿಷ ಅದು, ಇಷ್ಟು ವರ್ಷ ಆದ್ರೂ ಧೂಳಲ್ಲಿ ಇರುತ್ತೆ. ಅದಕ್ಕೇ ಪೊರಕೆ ತಗೊಂಡು ಪಟಪಟ ಹೊಡೀಬೇಡಿ. ನೋಡಿ, ಮೆತ್ತಗಿನ ಬ್ರಶ್, ಕೂದಲು ಹೋಗೋ ದಿಕ್ಕಿಗೇ, ಪಕ್ಕದಲ್ಲಿ ವ್ಯಾಕ್ಯೂಮ್ ಕಮ್ಮಿ ಸ್ಪೀಡಲ್ಲಿ, ಅದರ ಪೈಪ್ ಬಾಯಿಗೆ ಹಳೇ ಸಾಕ್ಸ್ ಕಟ್ಟಿದೀನಿ.

ಸರಿ, ಈಗ ಮೂಗು. ಇಲ್ಲಿ ಕಥೆ ಇದೆ.

ಮದುವೆ ಮಾತುಕತೆಗೆ ಯಾರೋ ಬರ್ತಾರೆ ಅಂತ ನಮ್ಮ ದೊಡ್ಡಮ್ಮ ಈ ಕಾಟಿ ಮೂಗಿಗೆ, ಕೊಂಬಿಗೆ ಕೊಬ್ಬರಿ ಎಣ್ಣೆ ಹಚ್ಚಿದಾರೆ. ಕೊಬ್ಬರಿ ಎಣ್ಣೆ! ಮಿರಮಿರ ಮಿಂಚಿತಂತೆ ಎರಡು ದಿನ. ಆಮೇಲೆ ಧೂಳೆಲ್ಲ ಹೋಗಿ ಅಲ್ಲೇ ಕೂತ್ಕೊಂಡು ಎಣ್ಣೆ ಜಿಡ್ಡು ಅಂಟಂಟು, ಇರುವೆ ಸಾಲು ಬೇರೆ. ಹಚ್ಚಿದ್ದು ಬರಿಗೈಲಿ, ಅದೇ ಕೈಲಿ ಅಕ್ಕಿ ರೊಟ್ಟಿ ತಟ್ಟಿದಾರೆ, ಆ ಹೊತ್ತು ನಾನೂ ಇಲ್ಲೇ ಇದ್ದೆ, ಮೂರು ತಿಂದಿದೀನಿ. ಕೈ ತೊಳೆದಿದ್ರಾ ದೊಡ್ಡಮ್ಮ ಅಂತ ಕೇಳಿದ್ರೆ, ತೊಳೀದೆ ಏನ್ ಮಾರಾಯ, ನಂಗೆ ಅಷ್ಟೂ ಗೊತ್ತಿಲ್ವಾ ಅಂತ ನಂಗೇ ಬೈದ್ರು.

ನಾನು ದೊಡ್ಡ ಬುದ್ಧಿವಂತ, ನಿನ್ನೆ ಹತ್ತಿಗೆ ಸ್ಪಿರಿಟ್ ಹಾಕ್ಕೊಂಡು ಮೂಗು ಉಜ್ಜಿದೆ. ಜಿಡ್ಡು ಬಂತು, ಖುಷಿಯಾಯ್ತು, ಇನ್ನೊಂದ್ಸಲ ಉಜ್ಜಿದೆ. ಹತ್ತಿ ಕಪ್ಪಗಾಯ್ತು, ಕೊಳೆ ಅನ್ಕೊಂಡೆ. ಕೊಳೆ ಅಲ್ಲ ಅದು, ಬಣ್ಣ! ಚರ್ಮ ಒಣಗಿದ್ಮೇಲೆ ಮೂಗಿನ ಬಣ್ಣ ಹೋಗಿಬಿಡುತ್ತಲ್ಲ, ಅದಕ್ಕೆ ಆಗಿನವರೇ ಪೇಂಟ್ ಮಾಡಿರ್ತಾರೆ. ನೋಡಿ ಇಲ್ಲಿ, ಜೂಮ್ ಮಾಡ್ತೀನಿ, ಎಡಗಡೆ ಹೊಳ್ಳೆ ಪಕ್ಕ ಅಕ್ಕಿ ಕಾಳಿನಷ್ಟು ಬಿಳಿ ಮಚ್ಚೆ. ಅಜ್ಜನ ಕಾಟಿಗೆ ತೊನ್ನು ಬಂದಂಗೆ. ಅರವತ್ತು ವರ್ಷ ಯಾರೂ ಮಾಡದ ಕೆಲಸ ನಾನು ಹತ್ತು ನಿಮಿಷದಲ್ಲಿ ಮಾಡ್ದೆ. ಹಂಗೆ ನೋಡಿದ್ರೆ ದೊಡ್ಡಮ್ಮನ ಎಣ್ಣೆನೇ ವಾಸಿ ಇತ್ತು. ಇಲ್ಲ ಇಲ್ಲ, ವಾಸಿ ಅಲ್ಲ, ಹಚ್ಚಬೇಡಿ. ಸ್ಪಿರಿಟ್ಟೂ ಬೇಡ. ಕಣ್ಣು ಗಾಜಿನದು, ಅದಕ್ಕೆ ಮಾತ್ರ ಇಯರ್‌ಬಡ್ ಒಂಚೂರು ಒದ್ದೆ ಮಾಡ್ಕೊಂಡು ಒರೆಸಬಹುದು, ಮಿಕ್ಕಿದ್ದೆಲ್ಲ ಒಣದು.

ಹಿಂದ್ಗಡೆ ಹಲಗೆ ನೋಡಿ, ಚೀಟಿ ಇನ್ನೂ ಇದೆ. ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್, ಮೈಸೂರು. ಸುಮಾರು 1900ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿದ, ಬೇಟೆ ಪ್ರಾಣಿಗಳ ಚರ್ಮ ಹದ ಮಾಡಿ ಹಿಂಗೆ ಜೀವ ಇದ್ದಂಗೆ ಕೂರಿಸೋ ಕಾರ್ಖಾನೆ, ರಾಜರು ದೊರೆಗಳು ಹೊಡೆದ ಹುಲಿಗಳೆಲ್ಲ ಅಲ್ಲಿಗೇ ಹೋಗ್ತಿದ್ವು, ಸಾವಿರ ಸಾವಿರ ಲೆಕ್ಕದಲ್ಲಿ. ಒಳಗೆ ಹುಲ್ಲು ತುಂಬಿರ್ತಾರೆ ಅಂತ ನಾನು ಅನ್ಕೊಂಡಿದ್ದೆ, ಅಲ್ಲ, ಕಾಗದದ ಪಲ್ಪಲ್ಲಿ ಅಚ್ಚು ಮಾಡಿ ಅದರ ಮೇಲೆ ಚರ್ಮ ಕೂರಿಸ್ತಿದ್ರು. ತಟ್ಟಿದ್ರೆ ಕೇಳಿ... ಟಕ್ ಟಕ್. ಟೊಳ್ಳು. ಕೆಲಸಗಾರರು ಗಟ್ಟಿಗರು ಬಿಡಿ, ಕಿವಿ ಒಳಗಿನ ನರ ಕೂಡ ಕಾಣುತ್ತೆ. ಹೊಡೆದಿದ್ದು ನಂಗೆ ಇಷ್ಟ ಇಲ್ಲ, ಆದ್ರೆ ಎಸೆಯೋಕೂ ಮನಸ್ಸು ಬರಲ್ಲ, ಏನ್ಮಾಡ್ಲಿ.

ಅಯ್ಯೋ ಬ್ಯಾಟರಿ ಹನ್ನೊಂದು ಪರ್ಸೆಂಟ್. ಬೇಗ ಬೇಗ. ಗೋಡೆ ಬದಲಾಯಿಸ್ತಿದೀವಿ, ಈ ಗೋಡೆ ಆಚೆ ಬಚ್ಚಲು ಹಂಡೆ ಒಲೆ, ಬೆಳಗ್ಗೆ ಬಿಸಿ ರಾತ್ರಿ ತಂಡಿ, ಅದಕ್ಕೇ ತುಟಿ ಹತ್ರ ಚರ್ಮ ಸೀಳಿರೋದು. ಬಿಸಿಲು ಬೀಳೋ ಕಡೆನೂ ಬೇಡ, ಕೂದಲು ಬಣ್ಣ ಕಳ್ಕೊಳ್ಳುತ್ತೆ.

ಕಾಡುಕುರಿಗೆ ನುಸಿ ಬಿದ್ದಿದೆ. ಕೆಳಗೆ ನೆಲದ ಮೇಲೆ ಸಣ್ಣ ಕೂದಲ ಪುಡಿ ಉದುರಿತ್ತು, ಹಂಗೇ ಗೊತ್ತಾಗಿದ್ದು. ಇದನ್ನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಬಿಗಿಯಾಗಿ ಸುತ್ತಿ, ಮೈನಸ್ 18ರಲ್ಲಿ ಎರಡು ವಾರ. ತೆಗೆದ ಮೇಲೂ ಕವರ್ ತಕ್ಷಣ ಬಿಚ್ಚಬಾರ್ದು, ಒಂದು ದಿನ ಬಿಡ್ಬೇಕು, ಇಲ್ಲಾಂದ್ರೆ ತಂಪಿಗೆ ಮೈಯೆಲ್ಲ ನೀರು ಕೂತು ಬೂಷ್ಟು ಹಿಡಿಯುತ್ತೆ. ಇದಕ್ಕೆ ಅಂತಲೇ ಹಿತ್ತಲಲ್ಲಿದ್ದ ಹಳೇ ಫ್ರೀಜರ್ ರಿಪೇರಿ ಮಾಡಿಸಿದೆ, ಎರಡೂವರೆ ಸಾವಿರ. ಅದರಲ್ಲಿ ಇನ್ನು ತಿನ್ನೋ ಸಾಮಾನು ಏನೂ ಇಡಂಗಿಲ್ಲ, ವಿಷ, ಬೋರ್ಡೇ ಬರೆದು ಅಂಟಿಸಿದೀನಿ.

ಬಾಗಿಲು ಹಾಕಿ ಆಯ್ತು. ದೊಡ್ಡಪ್ಪ ಸಂತೆಯಿಂದ ಬಂದ್ರು ನೋಡಿ, ಕೈಲಿ ಬಂಗಡೆ ಕವರ್. ದೊಡ್ಡಪ್ಪ... ದೊಡ್ಡಪ್ಪ ಅಲ್ಲಲ್ಲ, ಒಳಗಿಂದು, ಒಳಗಿನ ಫ್ರಿಜ್ಜು! ಇರ್ರಿ ಒಂದ್ನಿಮಿಷ...