ತೊಗರಿ: ಬಿತ್ತಿದ ದಿನ ಮತ್ತು ಸಾಲಿನ ಅಂತರ

ರೈತ ಬಾಂಧವರೇ, ರೈತ ಮಹಿಳೆಯರೇ, ನಮಸ್ಕಾರ.

ವಿಜಯಪುರ ಜಿಲ್ಲೆಯಲ್ಲಿ ಮಳೆಯನ್ನೇ ನಂಬಿ ತೊಗರಿ ಬೆಳೆಯುವ ನಾವು ಬೀಜ ಯಾವ ತಳಿಯದೆಂದು ತಪ್ಪದೆ ವಿಚಾರಿಸುತ್ತೇವೆ. ಆದರೆ ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳೆಗೆ ಬಿತ್ತಿದರೂ ಜುಲೈ ಕೊನೆಯ ಪುಷ್ಯದ ಮಳೆಗೆ ಬಿತ್ತಿದರೂ ನಮ್ಮ ಕೂರಿಗೆಯ ತಾಳುಗಳ, ಎಂದರೆ ಬಿತ್ತುವಾಗ ಸಾಲು ಕೊರೆಯುವ ಹಲ್ಲುಗಳ, ಅಂತರ ಬಹುಪಾಲು ಒಂದೇ ಆಗಿರುತ್ತದೆ. ಇದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ತೊಗರಿಯು ಹಗಲು ಕಿರಿದಾಗುತ್ತಾ ಬಂದಂತೆ ಹೂವಿಗೆ ತಿರುಗುವ ಬೆಳೆ. ಮೊದಲ ಒಂದೂವರೆ ತಿಂಗಳು ಅದು ನಿಧಾನವಾಗಿ ಬೆಳೆದು, ಆನಂತರವೇ ಕೊಂಬೆಗಳನ್ನು ಚಾಚುತ್ತದೆ. ಜೂನ್ ಎರಡನೆಯ ವಾರದಲ್ಲಿ ಬಿತ್ತಿದ ಗಿಡಕ್ಕೆ ಹೀಗೆ ಹರಡಿಕೊಳ್ಳಲು ಸಾಕಷ್ಟು ಕಾಲ ಸಿಗುತ್ತದೆ. ಜುಲೈ ಕೊನೆಗೆ ಬಿತ್ತಿದ ಗಿಡವಾದರೋ, ಹಗಲು ಕುಗ್ಗುತ್ತಿರುವುದರಿಂದ, ಎತ್ತರಕ್ಕೆ ಬರುವ ಮೊದಲೇ ಹೂವಿಗೆ ಬರುತ್ತದೆ. ಕೊಂಬೆಗಳು ಕಡಿಮೆಯಾಗಿ, ಗಿಡವೊಂದರ ಕಾಯಿಗಳೂ ಕಡಿಮೆಯಾಗುತ್ತವೆ. ಅದು ಕಾಯಿ ಕಟ್ಟುವಾಗ ಮಳೆ ನಿಂತು ಎರೆ ಭೂಮಿ (ಕಪ್ಪು ಮಣ್ಣಿನ ನೆಲ) ಬಿರುಕು ಬಿಡತೊಡಗಿರುತ್ತದೆ.

ಆದ್ದರಿಂದ ಬೇಗ ಬಿತ್ತಿದವರು ಸಾಲನ್ನು ಅಗಲವಾಗಿಡಬೇಕು. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 22,500 ಗಿಡಗಳು ನಿಲ್ಲುತ್ತವೆ. ಬಿತ್ತನೆ ತಡವಾದರೆ ಸಾಲನ್ನು 60 ಸೆಂಟಿಮೀಟರಿಗೆ ಇಳಿಸಬಹುದು. ಆಗ ಗಿಡಗಳು ಸುಮಾರು 33,700 ಆಗುತ್ತವೆ, ಬೀಜವೂ ಅದೇ ಪ್ರಮಾಣದಲ್ಲಿ ಹೆಚ್ಚು ಬೇಕಾಗುತ್ತದೆ. ಇದಕ್ಕಿಂತ ಒತ್ತಾಗಿಸುವುದು ಬೇಡ. ಒತ್ತಾದ ಹೊಲ ಆಗಸ್ಟಿನಲ್ಲಿ ಹಸಿರಾಗಿ ಕಂಡು ಮನಸ್ಸನ್ನು ತಣಿಸುತ್ತದೆ, ನಿಜ; ಆದರೆ ನೆಲದ ತೇವವನ್ನು ಅಷ್ಟೂ ಗಿಡಗಳು ಕೂಡಿ ಹೀರಿ, ಕಾಯಿ ತುಂಬುವ ಹೊತ್ತಿಗೆ ಏನನ್ನೂ ಉಳಿಸುವುದಿಲ್ಲ.

ತಳಿಯೂ ಇದರಲ್ಲಿ ಮುಖ್ಯ. ಆಶಾ ತಳಿ ಗಿಡವನ್ನು ಒಣಗಿಸುವ ಸೊರಗು ರೋಗವನ್ನೂ, ಹೂ ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗವನ್ನೂ ತಡೆದುಕೊಳ್ಳುತ್ತದೆ, ಆದರೆ ಮಾಗಲು ಹೆಚ್ಚು ದಿನ ತೆಗೆದುಕೊಳ್ಳುತ್ತದೆ; ಅದನ್ನು ಆಳವಾದ ಎರೆಯಲ್ಲಿ, ಬೇಗ, ಅಗಲ ಸಾಲಿನಲ್ಲಿ ಬಿತ್ತುವುದು ಒಳ್ಳೆಯದು. ಟಿ.ಎಸ್.-3ಆರ್ ಎಂಬ ತಳಿ ಅದಕ್ಕಿಂತ ಬೇಗ ಕಟಾವಿಗೆ ಬರುವುದರಿಂದ, ಮಳೆ ತಡವಾದ ವರ್ಷ ಅದರ ಕಡೆ ನೋಡಬಹುದು. ಮಣ್ಣು ತೆಳುವಾದ ಮಡ್ಡಿ ನೆಲದಲ್ಲಿ ದೀರ್ಘಾವಧಿಯ ತಳಿಯನ್ನು ನಾನಂತೂ ಹೇಳುವುದಿಲ್ಲ.

ಇನ್ನೊಂದು ಮಾತು. ಕೂರಿಗೆ ಸಾಲಿನ ಅಂತರವನ್ನು ಕಾಯುತ್ತದೆ, ಗಿಡಗಳ ಅಂತರವನ್ನಲ್ಲ. ಬಿತ್ತಿದ ಹದಿನೈದು ಇಪ್ಪತ್ತು ದಿನಗಳಲ್ಲಿ, ನೆಲದಲ್ಲಿ ಹಸಿ ಇರುವಾಗಲೇ, ಗೇಣಿಗೊಂದು ಗಟ್ಟಿ ಸಸಿಯನ್ನು ಉಳಿಸಿ ಮಿಕ್ಕವನ್ನು ಕೀಳಬೇಕು. ನಮಸ್ಕಾರ.