ಮಾತ್ರೆ ನುಂಗಲಿಕ್ಕೂ ನೆನಪು ಬೇಕು

ನಮಸ್ಕಾರ. ಮೊನ್ನೆ ರಾತ್ರಿ ದುಬೈಯಿಂದ ಅಣ್ಣನ ಫೋನ್ ಬಂತು. ಅಣ್ಣ ಎಂದರೆ ದೊಡ್ಡಮ್ಮನ ಮಗ. "ಅಮ್ಮನಿಗೆ ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿಸು, ಅದರಿಂದ ಮರೆವಿನ ಕಾಯಿಲೆ ವಾಸಿಯಾಗುತ್ತದಂತೆ" ಎಂದ. ಎರಡು ವರ್ಷದ ಹಿಂದೆ ಇದೇ ಅಣ್ಣ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಸಂದೇಶ ಕಳುಹಿಸಿದ್ದ: ಆ ಮಾತ್ರೆ ತಿಂದರೆ ಮರೆವು ಬರುತ್ತದೆ, ಕೂಡಲೇ ನಿಲ್ಲಿಸಿ!

ಉಡುಪಿ ಹತ್ತಿರದ ಶಂಕರಪುರದ ನಮ್ಮ ದೊಡ್ಡಮ್ಮ ಮಲ್ಲಿಗೆ ಕಟ್ಟಿಯೇ ಮಕ್ಕಳನ್ನು ಓದಿಸಿದವಳು. ಒಂದು ಚೆಂಡಿಗೆ 800 ಹೂ. ಈಗಲೂ ಮೊಗ್ಗು ಮತ್ತು ಬಾಳೆನಾರು ಮುಂದಿಟ್ಟರೆ ಬೆರಳು ತಾನಾಗಿ ಓಡುತ್ತದೆ. ಊಟವಾಯಿತೇ ಎಂದರೆ ಮಾತ್ರ ನನ್ನ ಮುಖ ನೋಡುತ್ತಾಳೆ. ಅರುವತ್ತಕ್ಕೆ ಅರಳುಮರಳು ಎಂದು ನಗಾಡಿಕೊಂಡು ನಾವು ಎರಡು ವರ್ಷ ಕಳೆದೆವು. ಆ ತಪ್ಪು ನಮ್ಮದೇ.

ಈಗ ಮಾತ್ರೆಯ ವಿಷಯ. ಕೊಲೆಸ್ಟ್ರಾಲ್ ಇಳಿಸುವ ಈ ಗುಂಪಿನ ಮಾತ್ರೆಗಳಿಗೆ ಸ್ಟಾಟಿನ್ ಎಂದು ಹೆಸರು. ನಮ್ಮ ಮೆಡಿಕಲ್ ಶಾಪಿನಲ್ಲಿ ಹೆಚ್ಚಾಗಿ ಸಿಗುವುದು ಅಟೋರ್ವಾಸ್ಟಾಟಿನ್. 2000ದ ಸುಮಾರಿಗೆ ಬಂದ ಕೆಲವು ಅಧ್ಯಯನಗಳಲ್ಲಿ, ಸ್ಟಾಟಿನ್ ತಿನ್ನುವವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಎಂದು ಕಂಡಿತು. ಆಗ ಹುಟ್ಟಿದ ಆಸೆಯೇ ಇವತ್ತಿಗೂ ಫೋನಿನಿಂದ ಫೋನಿಗೆ ಹಾರುತ್ತಿದೆ.

ಸ್ವಲ್ಪ ಯೋಚಿಸಿ. ವರ್ಷಗಟ್ಟಲೆ ದಿನವೂ ತಪ್ಪದೆ ಮಾತ್ರೆ ನುಂಗುವವರು ಯಾರು? ರಕ್ತಪರೀಕ್ಷೆಗೆ ಹೋಗುವವರು, ಬೆಳಗ್ಗೆ ನಡೆಯುವವರು, ವೈದ್ಯರು ಹೇಳಿದ್ದನ್ನು ಕೇಳುವವರು. ಎಲ್ಲಕ್ಕಿಂತ ಮುಖ್ಯವಾಗಿ, ಮಾತ್ರೆ ನುಂಗಬೇಕೆಂಬುದು ನೆನಪಿರುವವರು! ದೊಡ್ಡಮ್ಮನ ಬಿ.ಪಿ. ಮಾತ್ರೆಗಳು ಒಂದು ದಿನ ಹೂವಿನ ಬುಟ್ಟಿಯ ಅಡಿಯಲ್ಲಿ ಸಿಕ್ಕಿದವು, ಎಣಿಸಿದರೆ ಹನ್ನೊಂದು. ಕಾಯಿಲೆಗೆ ಹೆಸರು ಬೀಳುವ ಮೊದಲೇ ಅವಳು ಮಾತ್ರೆ ಬಿಟ್ಟಾಗಿತ್ತು. ಇಂಥವರೆಲ್ಲ ಲೆಕ್ಕದ ಪುಸ್ತಕದಲ್ಲಿ 'ಮಾತ್ರೆ ತಿನ್ನದವರ' ಸಾಲಿಗೆ ಸೇರುತ್ತಾರೆ. ಆಮೇಲೆ ನೋಡಿದರೆ, ಮಾತ್ರೆ ತಿಂದವರಿಗೆಲ್ಲ ನೆನಪು ಚೆನ್ನಾಗಿದೆ ಎಂದು ಅನಿಸದೆ ಇರುತ್ತದೆಯೇ?

ಈ ಗೋಜಲು ಬಿಡಿಸಲು ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಅದೇ ರೂಪದ ಹುಸಿಮಾತ್ರೆ ಕೊಡಬೇಕು. ಕೊಟ್ಟು ನೋಡಿದ್ದೂ ಆಗಿದೆ. ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವ ಆಲ್‌ಝೈಮರ್ ಇರುವ ಸುಮಾರು 640 ಮಂದಿಗೆ 72 ವಾರ ನಡೆಸಿದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ದಿನಕ್ಕೆ 80 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಕೊಟ್ಟರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು: ಪ್ರಯೋಜನ ಕಾಣಲಿಲ್ಲ. ಸಿಮ್ವಾಸ್ಟಾಟಿನ್ ಕೊಟ್ಟು ನೋಡಿದ ಇನ್ನೊಂದು ಪರೀಕ್ಷೆಯ ಕತೆಯೂ ಅಷ್ಟೇ.

ಅಣ್ಣನ ಹಳೆಯ ಸಂದೇಶಕ್ಕೂ ಒಂದು ಬೇರು ಇದೆ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರು, ಸ್ಟಾಟಿನ್ ತಿನ್ನುವ ಕೆಲವರಲ್ಲಿ ಮರೆವು, ಗೊಂದಲ ಕಾಣಬಹುದು, ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಬರೆಸಿದರು. ಚೀಟಿಯ ಒಂದು ಸಾಲು ನಮ್ಮೂರಿಗೆ ಬರುವಾಗ ಭೂತದ ಕತೆಯಾಗಿತ್ತು. ಹೆದರಿ ಮಾತ್ರೆ ಬಿಟ್ಟವರಿಗೆ ಹೃದಯಾಘಾತ, ಪಾರ್ಶ್ವವಾಯು ಬಂದರೆ ಸಂದೇಶ ಕಳುಹಿಸಿದವರು ಬಂದು ನೋಡಿಕೊಳ್ಳುವುದಿಲ್ಲ. ರಕ್ತನಾಳ ಕಟ್ಟಿ ಮಿದುಳಿಗೆ ಪೆಟ್ಟು ಬೀಳುವುದೂ ಮರೆವಿನ ಕಾಯಿಲೆಗೆ ಒಂದು ದಾರಿ ಎಂಬುದನ್ನು ಮರೆಯಬೇಡಿ.

ಹಾಗಾದರೆ ಕೊಲೆಸ್ಟ್ರಾಲಿಗೂ ಮರೆವಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ವಯಸ್ಸು ಬೇರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ನಡುವಯಸ್ಸಿನಲ್ಲಿ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟ್ರಾಲ್ ಹೆಚ್ಚಿರುವುದನ್ನು ಡಿಮೆನ್ಶಿಯಾದ ಅಪಾಯಗಳ ಪಟ್ಟಿಗೆ ಸೇರಿಸಿತು. ಅದರಿಂದ ಎಪ್ಪತ್ತೆಂಟರ ದೊಡ್ಡಮ್ಮನ ಕಳೆದುಹೋದ ನೆನಪು ಮಾತ್ರೆಯಿಂದ ಮರಳುತ್ತದೆ ಎಂದಾಗುವುದಿಲ್ಲ. ಅವಳ ಹೃದಯಕ್ಕೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ, ದುಬೈ ಹೇಳುವುದಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಆಮೇಲೆ ಕೇಳಿದೆ: "ಅಣ್ಣ, ನಿನಗೀಗ ನಲವತ್ತೊಂಬತ್ತು. ನಿನ್ನ ಎಲ್‌ಡಿಎಲ್ ಎಷ್ಟು?"

ಆ ಕಡೆ ಟಿ.ವಿ.ಯ ಸದ್ದು ಮಾತ್ರ. ಕೊನೆಗೆ, "ಊರಿಗೆ ಬಂದಾಗ ನೋಡೋಣ" ಎಂದು ಫೋನ್ ಇಟ್ಟ.